ವೀಸಾ ಯಾರದ್ದು?

ಅಮೆರಿಕದ ಎಚ್-1ಬಿ ವೀಸಾ ಪಡೆದವರು ಅದನ್ನು ತಮ್ಮದೆಂದೇ ಹೇಳಿಕೊಳ್ಳುತ್ತಾರೆ. ಅದು ಅರ್ಧ ಸತ್ಯ. ಪಾಸ್‌ಪೋರ್ಟಿನಲ್ಲಿ ಹೆಸರು ನೌಕರನದು, ಅದಕ್ಕೆ ಆಧಾರವಾದ ಅರ್ಜಿ ಮಾತ್ರ ಕಂಪನಿಯದು. ಅರ್ಜಿ ಹಾಕುವುದೂ ಕಂಪನಿ, ಬೇಡವೆನಿಸಿದಾಗ ಹಿಂದಕ್ಕೆ ಪಡೆಯುವುದೂ ಕಂಪನಿ.

ಈ ಏರ್ಪಾಡಿನ ಓರೆಕೋರೆ ಚೆನ್ನಾಗಿ ಕಾಣುವುದು ಕಂಪನಿ ಮಾರಾಟವಾದಾಗ. ಹಳೆಯ ಸಂಸ್ಥೆಯ ವೀಸಾ ಹೊಣೆಗಳನ್ನು ತಾನು ಹೊರುವುದಾಗಿ ಹೊಸ ಸಂಸ್ಥೆ ಪ್ರಮಾಣಪತ್ರ ಬರೆದು ಕಡತದಲ್ಲಿಟ್ಟರೆ, ಕೆಲಸದ ಷರತ್ತುಗಳು ಬದಲಾಗದ ಮಟ್ಟಿಗೆ, ಹೊಸ ಅರ್ಜಿ ಬೇಕಿಲ್ಲ. ಸಾಲ, ಗುತ್ತಿಗೆ, ಕಟ್ಟಡಗಳ ಜೊತೆ ನೌಕರರೂ ಕೈ ಬದಲಾಗುತ್ತಾರೆ. ಅದೇ ನೌಕರ ತಾನಾಗಿ ಎದುರು ಕಟ್ಟಡದ ಕಂಪನಿ ಸೇರಬೇಕೆಂದರೆ ಹೊಸ ಅರ್ಜಿ, ಹೊಸ ಶುಲ್ಕ, ಮತ್ತೆ ವಕೀಲರು. ಕಂಪನಿ ಕಾಯ್ದೆ ಬಂಡವಾಳಕ್ಕೆ ಕೊಟ್ಟ ಸಲೀಸನ್ನು ವಲಸೆ ಕಾಯ್ದೆ ಮನುಷ್ಯನಿಗೆ ಕೊಟ್ಟಿಲ್ಲ.

ಇದರ ಮೇಲೆ ಅಮೆರಿಕದ ಉದ್ಯೋಗ ಕಾಯ್ದೆಯ ಪೆಟ್ಟು. ಅಲ್ಲಿ ಸಾಮಾನ್ಯವಾಗಿ ಕಾರಣ ಹೇಳದೆಯೇ ಕೆಲಸದಿಂದ ತೆಗೆಯಬಹುದು. ಅಲ್ಲಿನ ಪ್ರಜೆಗೆ ಅದು ಸಂಬಳದ ನಷ್ಟ. ಎಚ್-1ಬಿ ನೌಕರನಿಗೆ ಊರು, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲದರ ನಷ್ಟ. 2017ರಲ್ಲಿ ಬಂದ ನಿಯಮದ ಪ್ರಕಾರ ಅವನಿಗಿರುವುದು ಹೆಚ್ಚೆಂದರೆ 60 ದಿನ.

2000ದ ಕಾಯ್ದೆಯಿಂದ ಹೊಸ ಕಂಪನಿ ಅರ್ಜಿ ಸಲ್ಲಿಸಿದ ಕೂಡಲೇ ಕೆಲಸ ಶುರುಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. ಆದರೆ ಆ ಕಂಪನಿ ಸಿಗಬೇಕು, ಸಂದರ್ಶನಗಳು ಮುಗಿಯಬೇಕು, ಕಾರ್ಮಿಕ ಇಲಾಖೆಯಿಂದ ವೇತನದ ದೃಢೀಕರಣ ಬರಬೇಕು. ಅದೊಂದಕ್ಕೇ ಏಳು ಕೆಲಸದ ದಿನಗಳು ಬೇಕು. ನೂರಾರು ಜನರನ್ನು ಒಟ್ಟಿಗೆ ಮನೆಗೆ ಕಳಿಸುವ ಕಾಲದಲ್ಲಿ 60 ದಿನ ಎಷ್ಟು ಬೇಗ ಕರಗುತ್ತದೆಂದು ಕಳೆದುಕೊಂಡವರಿಗೇ ಗೊತ್ತು.

ಅಮೆರಿಕನ್ನರ ಕೆಲಸ ಉಳಿಸಲು ಈ ಕಟ್ಟು ಬೇಕು ಎಂಬ ವಾದವೂ ಇದೆ. ಫಲ ಅದಕ್ಕೆ ತದ್ವಿರುದ್ಧ. ಬಿಟ್ಟು ಹೋಗಲಾರದ ನೌಕರ ಹೆಚ್ಚು ಸಂಬಳ ಕೇಳಲಾರ. ಪಕ್ಕದ ಮೇಜಿನ ಅಮೆರಿಕನ್ನನ ಸಂಬಳವನ್ನೂ ಅದು ಕೆಳಗೆಳೆಯುತ್ತದೆ. ದೂರು ಕೊಟ್ಟವರ ಮೇಲೆ ಸೇಡು ತೀರಿಸಬಾರದೆಂದು ಕಾಯ್ದೆ ಹೇಳುತ್ತದೆ. ಆದರೆ ದೂರಿನ ವಿಚಾರಣೆ ಮುಗಿಯುವ ತನಕ ದೂರುದಾರ ಆ ದೇಶದಲ್ಲಿ ಉಳಿದಿರಬೇಕಲ್ಲ! ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತವರ ಬಾಯಿ ಇನ್ನೂ ಬಿಗಿ. ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರು ವರ್ಷಗಟ್ಟಲೆ ಕಾಯುತ್ತಾರೆ, ಕಾಯುವಷ್ಟೂ ಕಾಲ ತಗ್ಗಿ ನಡೆಯುತ್ತಾರೆ.

ಮೊದಲ ಅರ್ಜಿ ಕಂಪನಿಯೇ ಹಾಕಲಿ. ಒಮ್ಮೆ ಮಂಜೂರಾದ ಮೇಲೆ ಉಳಿದ ಅವಧಿಯ ಹಕ್ಕು ನೌಕರನ ಕೈಗೆ ಬರಬೇಕು. ಕೆಲಸ ಹೋದರೆ ಕನಿಷ್ಠ 180 ದಿನ ಸಿಗಬೇಕು. ಅಲ್ಲಿಯವರೆಗೆ, ಅಮೆರಿಕದಲ್ಲಿ ವ್ಯಾಪಾರ ಮಾಡುವ ಬೆಂಗಳೂರಿನ ಕಂಪನಿಗಳು ವಾಷಿಂಗ್ಟನ್ ಕಡೆ ನೋಡುತ್ತ ಕೂರಬೇಕಿಲ್ಲ. ಎರಡು ತಿಂಗಳು ಮೊದಲೇ ನೋಟಿಸ್ ಕೊಟ್ಟು, ಅಷ್ಟು ದಿನ ಕೆಲಸ, ಸಂಬಳ ಎರಡನ್ನೂ ಮುಂದುವರಿಸಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.