ಸ್ನಾತಕೋತ್ತರ ಪದವಿಗೆ ಹಿಂದೆ ಗಳಿಸಿದ ಕ್ರೆಡಿಟ್‌ಗಳ ವರ್ಗಾವಣೆ: ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಭಾಗದ ಅರ್ಜಿದಾರರ ಮಾಹಿತಿಗಾಗಿ

ಅರಸೀಕೆರೆಯು ರೈಲ್ವೆ ಜಂಕ್ಷನ್. ಅಲ್ಲಿಂದ ಬೆಂಗಳೂರಿನ ಕಡೆಗೆ ಹೊರಟರೆ ಸಿಗುವ ತಿಪಟೂರಿನ ಕಾಲೇಜುಗಳು ತುಮಕೂರು ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ಹುಬ್ಬಳ್ಳಿಯ ಕಡೆಗೆ ಹೊರಟರೆ ಸಿಗುವ ಕಡೂರಿನ ಕಾಲೇಜುಗಳು ಕುವೆಂಪು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿವೆ. ದಕ್ಷಿಣಕ್ಕೆ ಹೋದರೆ ಹಾಸನ. ಬೇಲೂರು ಮತ್ತು ಅದೇ ತಾಲ್ಲೂಕಿನ ಹಳೇಬೀಡಿನ ವಿದ್ಯಾರ್ಥಿಗಳಿಗೂ ಚಿಕ್ಕಮಗಳೂರು ಬಹಳ ದೂರವೇನಲ್ಲ. ಹೀಗಾಗಿ ಈ ಭಾಗದಲ್ಲಿ ಬಸ್ಸು ಬದಲಾದರೆ ವಿಶ್ವವಿದ್ಯಾನಿಲಯವೂ ಬದಲಾಗುತ್ತದೆ. ಇದರ ಜೊತೆಗೆ ಮೈಸೂರು ವಿಶ್ವವಿದ್ಯಾನಿಲಯದ ಹೇಮಗಂಗೋತ್ರಿ ಆವರಣವನ್ನು ಕೇಂದ್ರವಾಗಿಸಿ ಹಾಸನ ವಿಶ್ವವಿದ್ಯಾನಿಲಯವು 2023ರಲ್ಲಿ ಪ್ರತ್ಯೇಕವಾಗಿ ಕಾರ್ಯಾರಂಭ ಮಾಡಿತು. ಒಂದೇ ಮನೆಯಲ್ಲಿ, ಒಂದೇ ಕಾಲೇಜಿನಲ್ಲಿ ಓದಿದ ಅಣ್ಣನ ಅಂಕಪಟ್ಟಿಯ ಮೇಲೆ ಮೈಸೂರಿನ ಮುದ್ರೆ, ತಂಗಿಯ ಅಂಕಪಟ್ಟಿಯ ಮೇಲೆ ಹಾಸನದ ಮುದ್ರೆ ಇರುವುದು ಇಲ್ಲಿ ಅಪರೂಪವಲ್ಲ.

ಇಂತಹ ಸನ್ನಿವೇಶದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸುವವರು ಪದೇ ಪದೇ ಎತ್ತುವ ಪ್ರಶ್ನೆ ಒಂದೇ: ಹಿಂದೆ ಓದಿ ಗಳಿಸಿದ ಕ್ರೆಡಿಟ್‌ಗಳು ಹೊಸ ಪದವಿಯ ಲೆಕ್ಕಕ್ಕೆ ಬರುತ್ತವೆಯೇ? ಕ್ರೆಡಿಟ್‌ಗಳು ಈಗ ಬ್ಯಾಂಕಿನಲ್ಲಿವೆ, ಯಾವ ವಿಶ್ವವಿದ್ಯಾನಿಲಯದಲ್ಲಿ ಬೇಕಾದರೂ ಬಿಡಿಸಿಕೊಳ್ಳಬಹುದು ಎಂಬ ನಂಬಿಕೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ಉಳಿದ ಅರ್ಧವನ್ನು ಅರಿಯದೆ ಶುಲ್ಕ ಪಾವತಿಸಿದವರು ಒಂದು ವರ್ಷವನ್ನು ಕಳೆದುಕೊಳ್ಳುವ ಸಂಭವವಿರುವುದರಿಂದ ಈ ವಿವರಣೆಯನ್ನು ನೀಡಲಾಗಿದೆ.

ಬ್ಯಾಂಕ್ ಎಂದರೆ ಏನು

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು (ಯುಜಿಸಿ) ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಕುರಿತ ನಿಯಮಾವಳಿಯನ್ನು 2021ರ ಜುಲೈ 28ರಂದು ಅಧಿಸೂಚಿಸಿತು. ವಿದ್ಯಾರ್ಥಿಯು ತನ್ನ ಹೆಸರಿನಲ್ಲಿ ಖಾತೆ ತೆರೆಯುತ್ತಾನೆ. ಆದರೆ ಆ ಖಾತೆಗೆ ಜಮೆ ಮಾಡುವ ಅಧಿಕಾರ ಅವನಿಗಿಲ್ಲ. ಓದಿದ ಸಂಸ್ಥೆಯೇ ಜಮೆ ಮಾಡಬೇಕು. ವಿದ್ಯಾರ್ಥಿಯು ನೇರವಾಗಿ ತಂದುಕೊಡುವ ಯಾವುದೇ ದಾಖಲೆಯನ್ನು ಬ್ಯಾಂಕ್ ಸ್ವೀಕರಿಸುವುದಿಲ್ಲ. ಕೈಯಲ್ಲಿ ಅಂಕಪಟ್ಟಿ ಇದೆ, ಖಾತೆಯ ಸಂಖ್ಯೆಯೂ ಇದೆ, ಆದರೆ ಖಾತೆ ಬರಿದಾಗಿದೆ ಎಂಬ ದೂರಿಗೆ ಕಾರಣ ಬಹುಮಟ್ಟಿಗೆ ಇದೇ ಆಗಿರುತ್ತದೆ.

ಇನ್ನು ಖರ್ಚಿನ ಕಡೆ. ಖಾತೆಯಲ್ಲಿರುವ ಕ್ರೆಡಿಟ್‌ಗಳನ್ನು ಒಂದು ಪದವಿ, ಡಿಪ್ಲೊಮಾ ಅಥವಾ ಪ್ರಮಾಣಪತ್ರಕ್ಕಾಗಿ ಬಳಸಿದ ಕೂಡಲೇ ಅವು ಖಾತೆಯಿಂದ ಖರ್ಚಾಗುತ್ತವೆ. ಆದ್ದರಿಂದ ಮೂರು ವರ್ಷದ ಬಿ.ಕಾಂ. ಪದವಿಗೆ ಬಳಕೆಯಾದ ಕ್ರೆಡಿಟ್‌ಗಳನ್ನು ತೋರಿಸಿ ಎಂ.ಕಾಂ.ನಲ್ಲಿ ಪತ್ರಿಕೆಗಳಿಂದ ವಿನಾಯಿತಿ ಕೋರಲು ಬರುವುದಿಲ್ಲ. ಶಿಲ್ಕು ಇಲ್ಲದ ಖಾತೆಯ ಮೇಲೆ ಚೆಕ್ಕು ಬರೆದಂತೆಯೇ ಇದೂ ಸಹ. ಆ ಪದವಿಯು ಪ್ರವೇಶಕ್ಕೆ ಅರ್ಹತೆಯಾಗುತ್ತದೆ, ಅಷ್ಟೆ. ಅರ್ಹತೆ ಬೇರೆ, ವರ್ಗಾವಣೆ ಬೇರೆ. ಈ ಎರಡನ್ನೂ ಒಂದೆಂದು ತಿಳಿದು ಸಲ್ಲಿಸಿದ ಅರ್ಜಿಗಳು ತಿರಸ್ಕೃತವಾಗುವುದರಲ್ಲಿ ಆಶ್ಚರ್ಯವಿಲ್ಲ.

ನಾಲ್ಕನೇ ವರ್ಷದ ಪದವೀಧರರು

ರಾಷ್ಟ್ರೀಯ ಶಿಕ್ಷಣ ನೀತಿ 2020ನ್ನು ಕರ್ನಾಟಕವು 2021-22ನೇ ಸಾಲಿನಿಂದಲೇ ಪದವಿ ಹಂತದಲ್ಲಿ ಜಾರಿಗೆ ತಂದಿತು. ತರುವಾಯ 2024ರ ಮೇ ತಿಂಗಳ ಸರ್ಕಾರಿ ಆದೇಶದಂತೆ 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿತು. ನಡುವಿನ ಮೂರು ತಂಡಗಳು, ಅಂದರೆ 2021-22, 2022-23 ಮತ್ತು 2023-24ರಲ್ಲಿ ಪ್ರವೇಶ ಪಡೆದವರು, ಹಿಂದಿನ ಪಠ್ಯಕ್ರಮದಲ್ಲೇ ಮುಂದುವರಿದು, ಬಯಸಿದಲ್ಲಿ ನಾಲ್ಕನೇ ವರ್ಷದ ಆನರ್ಸ್ ಓದುವ ಅವಕಾಶ ಉಳಿಸಿಕೊಂಡರು.

ಯುಜಿಸಿಯು 2024ರ ಜೂನ್‌ನಲ್ಲಿ ಪ್ರಕಟಿಸಿದ ಸ್ನಾತಕೋತ್ತರ ಪಠ್ಯಕ್ರಮ ಚೌಕಟ್ಟಿನ ಪ್ರಕಾರ ನಾಲ್ಕು ವರ್ಷದ ಪದವಿ ಪಡೆದವರು ಒಂದು ವರ್ಷದ, ಮೂರು ವರ್ಷದ ಪದವಿ ಪಡೆದವರು ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಹರು. ಆದರೆ ಈ ಚೌಕಟ್ಟು ವಿಶ್ವವಿದ್ಯಾನಿಲಯಕ್ಕೆ ದಾರಿ ತೋರಿಸುತ್ತದೆಯೇ ಹೊರತು ಬಾಗಿಲು ತೆರೆಯುವುದು ಆಯಾ ವಿಶ್ವವಿದ್ಯಾನಿಲಯದ ಪ್ರವೇಶ ಅಧಿಸೂಚನೆ. ಸದರಿ ಅಧಿಸೂಚನೆಯಲ್ಲಿ ಒಂದು ವರ್ಷದ ಕೋರ್ಸ್ ಅಥವಾ ಮೂರನೇ ಸೆಮಿಸ್ಟರಿಗೆ ನೇರ ಪ್ರವೇಶ ಎಂಬ ಉಲ್ಲೇಖವಿದ್ದರೆ ಮಾತ್ರ ಅರ್ಜಿದಾರರು ಅದರ ಲಾಭ ಪಡೆಯಬಹುದು. ಅರಸೀಕೆರೆಯಲ್ಲಿ ಆನರ್ಸ್ ಮುಗಿಸಿದವರು ಹಾಸನ, ತುಮಕೂರು ಮತ್ತು ಶಂಕರಘಟ್ಟದ ಅಧಿಸೂಚನೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವುದು ಒಳಿತು.

ಅರ್ಧಕ್ಕೆ ನಿಂತವರು

ಕ್ರೆಡಿಟ್ ವರ್ಗಾವಣೆ ನಿಜವಾಗಿ ನೆರವಿಗೆ ಬರಬೇಕಾದುದು ಇವರಿಗೇ. ಉದಾಹರಣೆಗೆ, ಹಾಸನದಲ್ಲಿ ಎಂ.ಕಾಂ. ಮೊದಲ ವರ್ಷ ಮುಗಿಸಿ, ಮದುವೆಯಾಗಿ ತಿಪಟೂರಿಗೆ ಹೋದ ಹಳೇಬೀಡಿನ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಬಹುದು. ಎರಡು ಸೆಮಿಸ್ಟರಿನ ಎಲ್ಲ ಪತ್ರಿಕೆಗಳೂ ತೇರ್ಗಡೆಯಾಗಿವೆ, ಪದವಿ ಪಡೆದಿಲ್ಲ, ಹಾಗಾಗಿ ಕ್ರೆಡಿಟ್‌ಗಳು ಖರ್ಚಾಗಿಲ್ಲ. ಈಗ ತುಮಕೂರು ವಿಶ್ವವಿದ್ಯಾನಿಲಯದ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಸೇರಬೇಕೆಂಬುದು ಆಕೆಯ ಅಪೇಕ್ಷೆ.

ಮೊದಲನೆಯದಾಗಿ ಅರ್ಧಾಂಶದ ನಿಯಮ. ಪದವಿ ನೀಡುವ ಸಂಸ್ಥೆಯಲ್ಲಿಯೇ ಕನಿಷ್ಠ ಶೇಕಡ 50ರಷ್ಟು ಕ್ರೆಡಿಟ್ ಗಳಿಸಿರಬೇಕೆಂದು 2021ರ ನಿಯಮಾವಳಿ ಹೇಳುತ್ತದೆ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಲೆಕ್ಕದಲ್ಲಿ ವರ್ಷವೊಂದಕ್ಕೆ 40 ಕ್ರೆಡಿಟ್. ಎರಡು ವರ್ಷಕ್ಕೆ 80. ಒಂದು ವರ್ಷದ 40ನ್ನು ತಂದು, ಉಳಿದ 40ನ್ನು ಹೊಸ ಸಂಸ್ಥೆಯಲ್ಲಿ ಗಳಿಸಿದರೆ ನಿಯಮಕ್ಕೆ ಸರಿಹೊಂದುತ್ತದೆ. ಮೂರು ಸೆಮಿಸ್ಟರ್ ಮುಗಿಸಿ ನಾಲ್ಕನೆಯದನ್ನು ಮಾತ್ರ ಬೇರೆಡೆ ಓದುತ್ತೇನೆ ಎಂದರೆ ಹೊಂದುವುದಿಲ್ಲ. ಅಂತಹವರು ತಮ್ಮ ಮೂಲ ವಿಶ್ವವಿದ್ಯಾನಿಲಯಕ್ಕೆ ಮರುಪ್ರವೇಶ ಕೋರುವುದೇ ಸೂಕ್ತ. ಎಲ್ಲ ಕಡೆಯೂ ಒಟ್ಟು ಮೊತ್ತ 80 ಎಂದು ಭಾವಿಸಲಾಗದು. ಮೈಸೂರು ವಿಶ್ವವಿದ್ಯಾನಿಲಯದ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯಲ್ಲಿ ಬಹುಕಾಲ ಸ್ನಾತಕೋತ್ತರ ಪದವಿಗೆ 76 ಕ್ರೆಡಿಟ್ ನಿಗದಿಯಾಗಿತ್ತು. ಅದರ ಅರ್ಧ 38.

ಎರಡನೆಯದು ಮತ್ತು ಹೆಚ್ಚು ತೊಡಕಿನದು, ಪತ್ರಿಕೆಗಳ ಹೊಂದಾಣಿಕೆ. ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ವರ್ಗಾವಣೆ ಆಗುವುದಿಲ್ಲ. ಹಳೆಯ ವಿಶ್ವವಿದ್ಯಾನಿಲಯವು ಮೊದಲ ವರ್ಷದಲ್ಲಿ ಬೋಧಿಸಿದ ಪತ್ರಿಕೆಯನ್ನು ಹೊಸದು ಮೂರನೇ ಸೆಮಿಸ್ಟರಿನಲ್ಲಿ ಇಟ್ಟಿದ್ದರೆ ಅಭ್ಯರ್ಥಿಯು ಅದನ್ನೇ ಎರಡನೇ ಬಾರಿ ಓದಬೇಕಾಗುತ್ತದೆ. ಹೊಸದು ಮೊದಲ ವರ್ಷದಲ್ಲಿ ಕಡ್ಡಾಯಗೊಳಿಸಿದ ಪತ್ರಿಕೆಯನ್ನು ಆಕೆ ಓದಿಯೇ ಇಲ್ಲದಿರಬಹುದು. ಈ ತಾಳೆ ನೋಡುವ ಕೆಲಸ ಆಯಾ ವಿಭಾಗದ ಅಧ್ಯಯನ ಮಂಡಳಿ ಅಥವಾ ಸಮಾನತಾ ಸಮಿತಿಯದು. ಅವರ ಮುಂದೆ ಅಂಕಪಟ್ಟಿ ಮಾತ್ರ ಇದ್ದರೆ ಪತ್ರಿಕೆಯ ಹೆಸರು ಬಿಟ್ಟು ಬೇರೇನೂ ತಿಳಿಯದು. ಹೀಗಾಗಿ ಓದಿದ ವರ್ಷದ ಪಠ್ಯಕ್ರಮದ ದೃಢೀಕೃತ ಪ್ರತಿಯನ್ನು ಲಗತ್ತಿಸತಕ್ಕದ್ದು. ಈಗ ಜಾರಿಯಲ್ಲಿರುವ ಪಠ್ಯಕ್ರಮವಲ್ಲ, ಓದಿದ ವರ್ಷದ್ದು. ಕಾಲೇಜು ಬಿಡುವ ದಿನವೇ ಇದನ್ನು ಪಡೆದಿಟ್ಟುಕೊಂಡವರು ಬಹಳ ಕಡಿಮೆ. ಐದು ವರ್ಷದ ನಂತರ ಹುಡುಕುವವರೇ ಹೆಚ್ಚು.

ಮೂರನೆಯದಾಗಿ ಎರಡನೇ ವರ್ಷದಲ್ಲಿ ಖಾಲಿ ಸ್ಥಾನವಿರಬೇಕು. ಕ್ರೆಡಿಟ್ ಮಾನ್ಯವಾದರೂ ಸ್ಥಾನವಿಲ್ಲದಿದ್ದರೆ ಪ್ರವೇಶವಿಲ್ಲ.

ವರ್ಗಾವಣೆ ಸಾಧ್ಯವಾಗದಿದ್ದರೂ ಒಂದು ಮಾರ್ಗವನ್ನು ಗಮನಿಸಬೇಕು. ಎರಡು ವರ್ಷದ ಸ್ನಾತಕೋತ್ತರ ಕೋರ್ಸಿನಲ್ಲಿ ಮೊದಲ ವರ್ಷದ ಕೊನೆಗೆ ನಿರ್ಗಮಿಸುವವರಿಗೆ ಸ್ನಾತಕೋತ್ತರ ಡಿಪ್ಲೊಮಾ ನೀಡಲು 2024ರ ಚೌಕಟ್ಟು ಅವಕಾಶ ಕಲ್ಪಿಸಿದೆ. ಕೈಗೊಂದು ಪ್ರಮಾಣಪತ್ರ ಬರುತ್ತದೆಂದು ಆತುರದಿಂದ ಒಪ್ಪುವ ಮೊದಲು ಯೋಚಿಸುವುದು ಅಗತ್ಯ. ಡಿಪ್ಲೊಮಾಕ್ಕೆ ಬಳಸಿದ ಕ್ರೆಡಿಟ್‌ಗಳೂ ಖರ್ಚಿನ ಪಟ್ಟಿಗೆ ಸೇರುತ್ತವೆ. ಮುಂದೆ ಎಂ.ಕಾಂ. ಪೂರ್ಣಗೊಳಿಸುವ ಉದ್ದೇಶವಿದ್ದವರು ಡಿಪ್ಲೊಮಾ ಪಡೆದ ನಂತರ ಎರಡನೇ ವರ್ಷಕ್ಕೆ ಸೇರಲು ಅವಕಾಶವಿದೆಯೇ ಎಂಬುದನ್ನು ಮುಂಚಿತವಾಗಿ ಲಿಖಿತವಾಗಿ ತಿಳಿದುಕೊಳ್ಳಬೇಕು.

2021ಕ್ಕಿಂತ ಹಿಂದಿನ ವ್ಯಾಸಂಗ

ಬ್ಯಾಂಕಿನ ಮೂಲಕ ವರ್ಗಾವಣೆಗೆ ಅರ್ಹವಾಗುವುದು 2021-22ನೇ ಶೈಕ್ಷಣಿಕ ವರ್ಷದಲ್ಲಿ ಅಥವಾ ತದನಂತರ ಗಳಿಸಿದ ಕ್ರೆಡಿಟ್‌ಗಳು ಮಾತ್ರ. 2017ರಲ್ಲೋ 2018ರಲ್ಲೋ ಎಂ.ಎ. ಮೊದಲ ವರ್ಷ ಓದಿ ಬಿಟ್ಟವರಿಗೆ ಈ ಖಾತೆಯಿಂದ ಪ್ರಯೋಜನವಿಲ್ಲ. ಅವರಿಗಿರುವುದು ಸೇರಬಯಸುವ ವಿಶ್ವವಿದ್ಯಾನಿಲಯದ ಸ್ವಂತ ನಿಯಮ ಮತ್ತು ಅದರ ಸಮಾನತಾ ಸಮಿತಿಯ ತೀರ್ಮಾನ.

ಇಲ್ಲಿ ದೂರಶಿಕ್ಷಣದ ಪ್ರಶ್ನೆಯೂ ಬರುತ್ತದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 1996ರಲ್ಲಿ ಸ್ಥಾಪನೆಯಾದಂದಿನಿಂದ ಉದ್ಯೋಗದಲ್ಲಿರುವವರಿಗೆ, ಗೃಹಿಣಿಯರಿಗೆ ಆಸರೆಯಾಗಿದೆ. ಆದರೆ 2012-13ರ ನಂತರದ ಅವಧಿಗೆ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿಯು 2015ರ ಜೂನ್‌ನಲ್ಲಿ ಪ್ರಕಟಿಸಿತು. 2018ರ ಆಗಸ್ಟ್‌ನಲ್ಲಿ 2018-19ರಿಂದ ಅನ್ವಯವಾಗುವಂತೆ ಮಾನ್ಯತೆ ಮರಳಿತು. ನಡುವಿನ ವರ್ಷಗಳಲ್ಲಿ ದಾಖಲಾದವರು ಪಟ್ಟ ಬವಣೆ ಬಹಳ. ಮಾನ್ಯತೆಯು ಸಂಸ್ಥೆಯ ಹೆಸರಿಗಲ್ಲ, ಕೋರ್ಸು ಮತ್ತು ವರ್ಷಕ್ಕೆ ಅಂಟಿಕೊಂಡಿರುತ್ತದೆ ಎಂಬುದನ್ನು ಆ ಪ್ರಕರಣ ತೋರಿಸಿಕೊಟ್ಟಿತು. ದೂರಶಿಕ್ಷಣದಲ್ಲಿ ಗಳಿಸಿದ ಕ್ರೆಡಿಟ್ ತರುವ ಅರ್ಜಿದಾರರು ತಾವು ದಾಖಲಾದ ವರ್ಷಕ್ಕೆ ಆ ಕೋರ್ಸಿಗೆ ಮಾನ್ಯತೆ ಇತ್ತೆಂಬ ದಾಖಲೆಯನ್ನೂ ಇಟ್ಟುಕೊಂಡಿರಬೇಕು.

ಸಂಸ್ಥೆಗಳ ಸ್ಥಿತಿ ಬದಲಾಗಬಹುದೆಂಬುದಕ್ಕೆ ಇತ್ತೀಚಿನ ನಿದರ್ಶನವೂ ಇದೆ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯ ಮುಂದೆ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ವಿಷಯ ಬಂದಾಗ ಅವುಗಳಲ್ಲಿ ಹಾಸನದ ಹೆಸರೂ ಇತ್ತು. ಇದರಿಂದ ವಿದ್ಯಾರ್ಥಿಗಳು ಗಾಬರಿಗೊಳ್ಳಬೇಕಾದ ಅಗತ್ಯವಿಲ್ಲ. ಜಮೆಯಾದ ಕ್ರೆಡಿಟ್ ಇರುವುದು ವಿದ್ಯಾರ್ಥಿಯ ಖಾತೆಯಲ್ಲಿ. ಆದರೆ ಜಮೆ ಮಾಡಬೇಕಾದುದು ಸಂಸ್ಥೆಯಾದುದರಿಂದ, ಪ್ರತಿ ಸೆಮಿಸ್ಟರಿನ ಫಲಿತಾಂಶದ ನಂತರ ಖಾತೆಯನ್ನು ಪರಿಶೀಲಿಸಿ, ಬಾಕಿಯಿದ್ದಲ್ಲಿ ಪರೀಕ್ಷಾಂಗ ಕುಲಸಚಿವರ ಕಚೇರಿಗೆ ಕೂಡಲೇ ಬರೆದುಕೊಳ್ಳುವುದು ಕ್ಷೇಮ.

ಹೆಸರಿನ ವ್ಯತ್ಯಾಸ

ಚಿಕ್ಕದೆಂದು ತೋರಿದರೂ ಬಹಳ ಅರ್ಜಿಗಳನ್ನು ಕಾಯಿಸುವುದು ಇದು. ಕ್ರೆಡಿಟ್ ಖಾತೆಯನ್ನು ಡಿಜಿಲಾಕರ್ ಮೂಲಕ ಆಧಾರ್ ಆಧರಿಸಿ ತೆರೆಯಲಾಗುತ್ತದೆ. ಖಾತೆಯ ಗುರುತಿನ ಸಂಖ್ಯೆ 12 ಅಂಕಿಗಳದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ಇರುತ್ತವೆ. ಆಧಾರ್‌ನಲ್ಲಿ ಅವು ಹಿಂದೆ ಹೋಗಿರಬಹುದು, ವಿಸ್ತರಿಸಿರಬಹುದು, ಮದುವೆಯ ನಂತರ ಗಂಡನ ಹೆಸರು ಸೇರಿರಬಹುದು. ಕಣ್ಣಿಗೆ ಒಬ್ಬರೇ ಆದರೂ ಗಣಕಯಂತ್ರಕ್ಕೆ ಇಬ್ಬರು. ಪ್ರವೇಶದ ಕಾಲದಲ್ಲಿ ತಿದ್ದುಪಡಿಗೆ ಓಡಾಡುವ ಬದಲು ಬಿಡುವಿನಲ್ಲಿಯೇ ಎರಡು ದಾಖಲೆಗಳನ್ನು ಸರಿಹೊಂದಿಸಿಕೊಳ್ಳಬೇಕು, ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆಯೂ ಚಾಲ್ತಿಯಲ್ಲಿರಬೇಕು.

ಸ್ವಯಂ ಕೋರ್ಸುಗಳು

2017ರಲ್ಲಿ ಆರಂಭವಾದ ಸ್ವಯಂ ವೇದಿಕೆಯ ಆನ್‌ಲೈನ್ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ಕೋರ್ಸುಗಳ ಪೈಕಿ ಶೇಕಡ 40ರವರೆಗೆ ಪಡೆಯಲು ಯುಜಿಸಿಯ 2021ರ ನಿಯಮಾವಳಿ ಅನುಮತಿಸಿದೆ. ಆದರೆ ಆ ಕೋರ್ಸನ್ನು ವಿಶ್ವವಿದ್ಯಾನಿಲಯವು ಮೊದಲೇ ಅಂಗೀಕರಿಸಿರಬೇಕು. ಕೇವಲ ಆಸಕ್ತಿಯಿಂದ ಓದಿ ಪಡೆದ ಪ್ರಮಾಣಪತ್ರವನ್ನು ನಂತರ ತಂದು ಕ್ರೆಡಿಟ್ ಕೇಳಿದರೆ ದೊರೆಯುವ ಭರವಸೆಯಿಲ್ಲ.

ವರ್ಗಾವಣೆ ತಪ್ಪಿದರೆ ಆಗುವ ನಷ್ಟ

ವರ್ಷ ಕಳೆಯುವುದು ಒಂದು ನಷ್ಟ. ವಿದ್ಯಾರ್ಥಿವೇತನ ಇನ್ನೊಂದು. ಒಂದೇ ಹಂತದ ಬೇರೊಂದು ಕೋರ್ಸಿಗೆ ಮತ್ತೆ ನೆರವು ನೀಡಲಾಗದೆಂಬ ಷರತ್ತು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಲ್ಲಿ ಸಾಮಾನ್ಯ. ಎಂ.ಎ. ಮೊದಲ ವರ್ಷಕ್ಕೆ ಈಗಾಗಲೇ ನೆರವು ಪಡೆದವರು ಕ್ರೆಡಿಟ್ ಮಾನ್ಯವಾಗದೆ ಮತ್ತೆ ಮೊದಲ ವರ್ಷಕ್ಕೇ ಸೇರಿದರೆ ಶುಲ್ಕವನ್ನು ಕೈಯಿಂದಲೇ ಭರಿಸಬೇಕಾಗಿ ಬರಬಹುದು. ಬಡ ಕುಟುಂಬಗಳ ಮಟ್ಟಿಗೆ ಓದು ಮತ್ತೊಮ್ಮೆ ನಿಲ್ಲುವುದು ಇಲ್ಲಿಯೇ.

ಮತ್ತೊಂದು ಅಂಶ ಅಂಕಗಳದು. ತಂದ ಕ್ರೆಡಿಟ್‌ಗಳ ಶ್ರೇಣಿಯೂ ಅಂತಿಮ ಸರಾಸರಿಗೆ ಸೇರುತ್ತದೆಯೇ, ಅಥವಾ ತೇರ್ಗಡೆ ಎಂದಷ್ಟೇ ನಮೂದಾಗುತ್ತದೆಯೇ ಎಂದು ಕೇಳಿ ತಿಳಿಯಬೇಕು. ಯುಜಿಸಿಯ ನೆಟ್ ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ 55 ಅಂಕ ಅಗತ್ಯವಾದುದರಿಂದ, ಅಧ್ಯಾಪಕರಾಗಬಯಸುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಅರ್ಜಿ ಸಲ್ಲಿಸುವ ಕ್ರಮ

ಅರ್ಜಿದಾರರು ಪ್ರವೇಶ ಶುಲ್ಕ ಪಾವತಿಸುವ ಮೊದಲೇ, ಸೇರಬಯಸುವ ವಿಶ್ವವಿದ್ಯಾನಿಲಯದ ಕುಲಸಚಿವರಿಗೆ ಕ್ರೆಡಿಟ್ ಮಾನ್ಯತೆ ಕೋರಿ ಪ್ರತ್ಯೇಕ ಮನವಿ ಸಲ್ಲಿಸುವುದು. ಮನವಿಯೊಂದಿಗೆ ಎಲ್ಲ ಸೆಮಿಸ್ಟರ್ ಅಂಕಪಟ್ಟಿಗಳು, ಕ್ರೆಡಿಟ್ ಖಾತೆಯ ವಿವರ, ಓದಿದ ವರ್ಷದ ಪಠ್ಯಕ್ರಮ ಮತ್ತು ಪದವಿ ಪ್ರಮಾಣಪತ್ರದ ಪ್ರತಿ ಇರಲಿ. ವರ್ಗಾವಣೆ ಪತ್ರ ಮತ್ತು ವಲಸೆ ಪ್ರಮಾಣಪತ್ರಗಳನ್ನು ಹಳೆಯ ಸಂಸ್ಥೆಯಿಂದ ಪಡೆಯಲು ಆತುರಪಡಬೇಕಿಲ್ಲ. ಹೊಸ ಸಂಸ್ಥೆಯ ಲಿಖಿತ ಒಪ್ಪಿಗೆ ಕೈಸೇರುವ ಮೊದಲೇ ಅವನ್ನು ಪಡೆದರೆ ಮರುಪ್ರವೇಶದ ದಾರಿ ಕಠಿಣವಾಗಬಹುದು. ಕಾಲೇಜಿನ ಕಿಟಕಿಯಲ್ಲಿ ದೊರೆಯುವ ಮೌಖಿಕ ಭರವಸೆ, ಹೇಳಿದವರು ಎಷ್ಟೇ ಸಜ್ಜನರಾಗಿದ್ದರೂ, ಸಮಿತಿಯ ನಿರ್ಣಯಕ್ಕೆ ಸಮನಲ್ಲ. ಮನವಿಗೆ ಸ್ವೀಕೃತಿ ಪಡೆದು, ಉತ್ತರದಲ್ಲಿ ಯಾವ ಯಾವ ಪತ್ರಿಕೆ, ಎಷ್ಟು ಕ್ರೆಡಿಟ್, ಯಾವ ಸೆಮಿಸ್ಟರಿಗೆ ಪ್ರವೇಶ ಎಂಬುದು ಸ್ಪಷ್ಟವಾಗಿ ಇದೆಯೇ ಎಂದು ನೋಡಿಕೊಳ್ಳುವುದು.

ಖಾತೆಯಲ್ಲಿರುವ ಕ್ರೆಡಿಟ್‌ಗಳಿಗೆ ಗರಿಷ್ಠ 7 ವರ್ಷಗಳ ಆಯುಷ್ಯ ಎಂಬುದನ್ನೂ ಗಮನದಲ್ಲಿಡುವುದು. 2021-22ರಲ್ಲಿ ಗಳಿಸಿದ ಕ್ರೆಡಿಟ್‌ಗಳ ಅವಧಿ 2028-29ರ ಸುಮಾರಿಗೆ ಮುಗಿಯುತ್ತದೆ. ಮನವಿಯು ಸಮಿತಿಯ ಮುಂದೆ ಬರಲು ತಗಲುವ ತಿಂಗಳುಗಳೂ ಈ 7 ವರ್ಷದೊಳಗೇ ಸೇರಿವೆ.