ರಜೆ ಯಾರಿಗೆ? ಬಿರುಗಾಳಿ ಯಾರಿಗೆ?

ಕಳೆದ ಮಳೆಗಾಲದ ಒಂದು ರಾತ್ರಿ ನಾನು ಓದಿದ ಹಾಸ್ಟೆಲ್ಲಿನಲ್ಲೇ ಉಳಿದಿದ್ದೆ. ಬಿ.ಎ. ಮುಗಿಸಿ ಕೆಲಸ ಸಿಗದವನಿಗೆ ಹಾಸ್ಟೆಲ್ಲೇ ತವರುಮನೆ. ಎರಡು ದಿನದಿಂದ ಬಿಡದ ಮಳೆ, ಗಾಳಿ. ರಾತ್ರಿ ಒಂಬತ್ತರ ಹೊತ್ತಿಗೆ ಹುಡುಗರೆಲ್ಲ ಹೋ ಅಂತ ಕೂಗಿದರು. ಜಿಲ್ಲೆಗೆ ರೆಡ್ ಅಲರ್ಟ್, ನಾಳೆ ಅಂಗನವಾಡಿ, ಶಾಲೆ, ಕಾಲೇಜಿಗೆಲ್ಲ ರಜೆ ಅಂತ ಜಿಲ್ಲಾಧಿಕಾರಿಗಳ ಆದೇಶ ಬಂದಿತ್ತು. ಕಂಬಳಿ ಹೊದ್ದು ಮಲಗಿದೆವು.

ಬೆಳಗಿನ ಜಾವ ಐದೂವರೆಗೆ ಅಡಿಗೆಮನೆ ಬಾಗಿಲು ಕಿರ್ ಅಂದಿತು. ಎದ್ದು ಹೋಗಿ ನೋಡಿದರೆ ಅಡಿಗೆ ಅಕ್ಕ. ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ನೀರು ತೊಟ್ಟಿಕ್ಕಿಸುತ್ತಾ ನಿಂತಿದ್ದಳು. ಅವಳ ಹಟ್ಟಿಯಿಂದ ಹಾಸ್ಟೆಲ್ಲಿಗೆ ನಾಲ್ಕು ಕಿಲೋಮೀಟರು. ನಡುವೆ ಹಳ್ಳ. ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕ.

"ಯಾಕಕ್ಕಾ ಈ ಮಳೇಲಿ ಬಂದೆ?" ಅಂದೆ.

"ಕಲೆಕ್ಟ್ರು ನಿಮ್ಮ ಕಾಲೇಜಿಗೆ ರಜಾ ಕೊಟ್ಟವ್ರೆ, ನಿಮ್ಮ ಹೊಟ್ಟೆಗೆ ಕೊಟ್ಟವ್ರಾ? ಬರದೆ ಇದ್ರೆ ಕಂಟ್ರಾಕ್ಟ್ರು ಒಂದಿನದ ಸಂಬಳ ಹಿಡ್ಕತಾನೆ. ನಾಕ್ ದಿನ ಬರದೆ ಇದ್ರೆ ಬೇರೇರ್ನ ಕರ್ಕತಾನೆ. ಸರಿ ಸರಿ, ಒಲೆ ಹಚ್ಚಬೇಕು."

ಅವತ್ತಿನ ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಇಳಿಯಿತು. ಎರಡು ಸಲ ಹಾಕಿಸಿಕೊಂಡು ತಿಂದೆವು. ನಾಚಿಕೆ ಆಮೇಲೆ ಬಂತು. ಆ ನಾಚಿಕೆಯೇ ಈ ಸಂಪಾದಕೀಯ.

ಬಿರುಗಾಳಿಯ ಎಚ್ಚರಿಕೆ ಕೊಟ್ಟಾಗ ಜನ ಕೆಲಸಕ್ಕೆ ಹೋಗಬೇಕೋ ಬೇಡವೋ? ಪ್ರತಿ ಮಳೆಗಾಲದಲ್ಲೂ ಈ ಮಾತು ಎದ್ದೇಳುತ್ತದೆ. ತಿಳಿದವರು ಬುದ್ಧಿ ಹೇಳುತ್ತಾರೆ: "ಅನಗತ್ಯವಾಗಿ ಮನೆಯಿಂದ ಹೊರಗೆ ಬರಬೇಡಿ." ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನಮ್ಮ ಅಪ್ಪ ಅವ್ವ ಯಾವತ್ತು ಅನಗತ್ಯವಾಗಿ ಹೊರಗೆ ಹೋಗಿದ್ದರು? ಅವರು ಹೊರಗೆ ಹೋದದ್ದೆಲ್ಲ ಅಕ್ಕಿಗೆ, ರಾಗಿಗೆ, ನಮ್ಮ ಫೀಸಿಗೆ. ಕೂಲಿಯವನಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಅವನ ಪರವಾಗಿ ಹಸಿವು ಮೊದಲೇ ಉತ್ತರ ಕೊಟ್ಟುಬಿಟ್ಟಿರುತ್ತದೆ.

ಮೊದಲು ಈ ಎಚ್ಚರಿಕೆ ಅಂದರೇನು ನೋಡೋಣ. ಹವಾಮಾನ ಇಲಾಖೆ ನಾಲ್ಕು ಬಣ್ಣ ಇಟ್ಟಿದೆ. ಹಸಿರು ಅಂದರೆ ಭಯವಿಲ್ಲ. ಹಳದಿ ಅಂದರೆ ಗಮನ ಇಡಿ. ಕಿತ್ತಳೆ ಅಂದರೆ ಸಿದ್ಧರಾಗಿ. ಕೆಂಪು ಅಂದರೆ ಕ್ರಮ ತಗೊಳ್ಳಿ. 24 ಗಂಟೆಯಲ್ಲಿ 204.4 ಮಿಲಿಮೀಟರು ದಾಟಿದರೆ ಅದು ಇಲಾಖೆಯ ಲೆಕ್ಕದಲ್ಲಿ ಅತ್ಯಂತ ಭಾರಿ ಮಳೆ. ಕಡಲಲ್ಲಿ ಎದ್ದ ಗಾಳಿ ಗಂಟೆಗೆ 62 ಕಿಲೋಮೀಟರು ಮುಟ್ಟಿದರೆ ಚಂಡಮಾರುತ, 89 ಮುಟ್ಟಿದರೆ ತೀವ್ರ ಚಂಡಮಾರುತ. ಇದು ಕಣಿ ಹೇಳುವವನ ಮಾತಲ್ಲ. ಉಪಗ್ರಹ, ರಾಡಾರು ನೋಡಿ ಲೆಕ್ಕ ಹಾಕಿ ಹೇಳುವ ಮಾತು. ಕೆಲವು ಸಲ ತಪ್ಪಬಹುದು, ಆದರೂ ನಂಬಬೇಕಾದ ಮಾತು.

ಹಾಗಾದರೆ ನಮ್ಮ ಕೇರಿಯ ಜನ ಯಾಕೆ ನಂಬುವುದಿಲ್ಲ? ದಡ್ಡರು ಅಂತಲೋ? ಅಲ್ಲ. ಲೆಕ್ಕ ಹಾಕಿ ನೋಡಿ. ಒಬ್ಬ ಗಾರೆ ಕೆಲಸದವ ರೆಡ್ ಅಲರ್ಟ್ ನಂಬಿ ಮನೆಯಲ್ಲಿ ಕೂತ. ಮಳೆ ಬರಲಿಲ್ಲ. ಕೂಲಿ ಹೋಯ್ತು. ಇನ್ನೊಂದು ಸಲ ಕೂತ. ತುಂತುರು ಬಿದ್ದು ನಿಂತಿತು. ಆ ದಿನದ ಕೂಲಿಯೂ ಹೋಯ್ತು. ಮೂರನೇ ಸಲ ಅವನು ಕೂರುವುದಿಲ್ಲ. ಮೂರನೇ ಸಲವೇ ಮರ ಬೀಳುತ್ತದೆ. ಸಂಬಳದವನಿಗೆ ತಪ್ಪಿದ ಎಚ್ಚರಿಕೆ ಅಂದರೆ ಒಂದು ಪುಕ್ಕಟೆ ರಜೆ. ಕೂಲಿಯವನಿಗೆ ಅದೇ ಎಚ್ಚರಿಕೆ ಒಂದು ದಿನದ ಉಪವಾಸ. ಕೂಲಿ ಜೊತೆಗಿಲ್ಲದ ಎಚ್ಚರಿಕೆ ಬಡವನ ಕಿವಿಗೆ ಎಚ್ಚರಿಕೆಯಾಗಿ ಮುಟ್ಟುವುದೇ ಇಲ್ಲ. ನಾವು ಹೇಳಬೇಕಾದ್ದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ.

ಬೆಂಗಳೂರನ್ನು ನೋಡಿ. 2024ರ ಅಕ್ಟೋಬರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಮಳೆ ಸುರಿಯಿತು. ಅಕ್ಟೋಬರ್ 16ಕ್ಕೆ ಶಾಲೆಗಳಿಗೆ ರಜೆ ಕೊಟ್ಟರು. ಐಟಿ ಕಂಪನಿಯವರು ಮನೆಯಿಂದಲೇ ಕೆಲಸ ಮಾಡಲಿ ಅಂತ ಸರ್ಕಾರ ಸಲಹೆ ಕೊಟ್ಟಿತು. ಒಳ್ಳೆಯದೇ. ಅವರ ಜೀವವೂ ಜೀವವೇ. ಆದರೆ ಇಟ್ಟಿಗೆ ಹೊರುವವನು ಮನೆಯಿಂದ ಹೇಗೆ ಹೊರುತ್ತಾನೆ? ಚರಂಡಿ ಬಳಿಯುವವಳು ಮನೆಯಿಂದ ಹೇಗೆ ಬಳಿಯುತ್ತಾಳೆ? ಆರು ದಿನ ಕಳೆಯಿತು. ಅಕ್ಟೋಬರ್ 22ರಂದು, ಮಳೆಯ ನಡುವೆಯೇ, ಬಾಬುಸಾಬ್ ಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಬಿತ್ತು. ಹೊರ ರಾಜ್ಯಗಳಿಂದ ದುಡಿಯಲು ಬಂದ ಕಟ್ಟಡ ಕಾರ್ಮಿಕರು ಅದರಡಿ ಸತ್ತರು. ಕಟ್ಟಡವೇ ಅಕ್ರಮ ಅಂತ ಆಮೇಲೆ ಹೇಳಿದರು. ಅಕ್ರಮ ಕಟ್ಟಡದೊಳಗೆ ಮಳೆಯಲ್ಲಿ ದುಡಿಯುವುದು ಮಾತ್ರ ಸಕ್ರಮವಾಗಿತ್ತು. 2025ರ ಮೇ 19ರಂದು ಅದೇ ನಗರದಲ್ಲಿ ರಾತ್ರಿಯೆಲ್ಲ ಸುರಿದ ಮಳೆಗೆ ನೆನೆದ ಗೋಡೆ ಕುಸಿದು, ಒಂದು ಕಂಪನಿಯ ಸ್ವಚ್ಛತೆ ಕೆಲಸಕ್ಕೆ ಬಂದಿದ್ದ ಹೆಣ್ಣುಮಗಳು ಸತ್ತಳು. ಕಂಪ್ಯೂಟರಿನ ಕೆಲಸ ಮನೆಗೆ ಹೋಗಬಲ್ಲದು. ಪೊರಕೆಯ ಕೆಲಸ ಮನೆಗೆ ಹೋಗುವುದಿಲ್ಲ. ಪೊರಕೆ ಯಾವ ಕೇರಿಯವರ ಕೈಲಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಕಡಲು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡೇ ಗುಜರಾತಿಗೆ ಹೋಯಿತು. ಬರುತ್ತದೆ ಅಂತ ದಿನಗಳ ಮೊದಲೇ ಇಲಾಖೆ ಸಾರಿತ್ತು. ಮುಂಬೈಯಿಂದಾಚೆ ಎಣ್ಣೆ ಬಾವಿಗಳ ಕೆಲಸಕ್ಕೆ ನಿಂತಿದ್ದ ಪಿ-305 ಎಂಬ ಬಾರ್ಜಿನಲ್ಲಿ 261 ಜನ ಇದ್ದರು. ಬಾರ್ಜು ದಡಕ್ಕೆ ಮರಳಲಿಲ್ಲ. ಮೇ 17ರಂದು ಲಂಗರು ಕಿತ್ತುಹೋಗಿ, ಗಾಳಿಗೆ ಸಿಕ್ಕಿ ಮುಳುಗಿತು. ನೌಕಾಪಡೆಯವರು ಜೀವದ ಹಂಗು ತೊರೆದು ಬಹಳ ಜನರನ್ನು ಎತ್ತಿದರು. ಆದರೂ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ಹೊತ್ತಿಗೆ ನಮ್ಮ ಮೂಲ್ಕಿಯ ಹತ್ತಿರ ಬಂಡೆಗೆ ಸಿಕ್ಕಿಕೊಂಡ ಒಂದು ಟಗ್ಗಿನಿಂದ ಒಂಬತ್ತು ಜನರನ್ನು ಕೋಸ್ಟ್ ಗಾರ್ಡು, ನೌಕಾಪಡೆ ಸೇರಿ ಉಳಿಸಿದರು. ಆ ಬಾರ್ಜಿನ ಒಬ್ಬ ವೆಲ್ಡರು, ಒಬ್ಬ ಅಡಿಗೆಯವ "ನಾನು ನಾಳೆ ಕೆಲಸಕ್ಕೆ ಹೋಗಲೋ ಬೇಡವೋ" ಅಂತ ಯೋಚಿಸುವ ಜಾಗವಾದರೂ ಎಲ್ಲಿತ್ತು? ನಿರ್ಧಾರ ದಡದಲ್ಲಿತ್ತು. ಸಾವು ಕಡಲಲ್ಲಿತ್ತು.

ಇದು ಬಡ ದೇಶದ ಗೋಳು ಅಂತ ಯಾರಾದರೂ ಅಂದರೆ ಅವರಿಗೆ ಸ್ಪೇನ್ ದೇಶದ ವೆಲೆನ್ಸಿಯಾ ಪ್ರಾಂತದ ಕತೆ ಹೇಳಿ. 2024ರ ಅಕ್ಟೋಬರ್ 29. ಬೆಳಗ್ಗೆಯೇ ಅಲ್ಲಿನ ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟಿತ್ತು. ವೆಲೆನ್ಸಿಯಾ ವಿಶ್ವವಿದ್ಯಾಲಯ ಮುಂಚೆಯೇ ತರಗತಿ ನಿಲ್ಲಿಸಿತ್ತು. ಆದರೆ ಕಾರ್ಖಾನೆ, ಅಂಗಡಿ, ಗೋದಾಮು ನಡೆದವು. ಜನರ ಫೋನಿಗೆ ಸರ್ಕಾರದ ಅಪಾಯದ ಸಂದೇಶ ಬಂದದ್ದು ರಾತ್ರಿ ಎಂಟು ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ಊರೂರು ನೀರಲ್ಲಿ ನಿಂತಿತ್ತು. ಕೆಲಸ ಮುಗಿಸಿ ಮನೆಗೆ ಹೊರಟವರು ರಸ್ತೆಯಲ್ಲೇ ಕೊಚ್ಚಿಹೋದರು. ಸತ್ತವರು ಇನ್ನೂರಿಪ್ಪತ್ತಕ್ಕೂ ಹೆಚ್ಚು. ಅಲ್ಲೂ ವಿದ್ಯಾರ್ಥಿಗೆ ರಜೆ, ಕಾರ್ಮಿಕನಿಗೆ ಹಾಜರಿ!

ಆದರೆ ಅಲ್ಲಿಯ ಜನ ಬೀದಿಗೆ ಬಂದು ಕೇಳಿದರು. ನವೆಂಬರ್ 28ರಂದು, ಒಂದು ತಿಂಗಳೊಳಗೆ, ಸ್ಪೇನಿನ ಸರ್ಕಾರ ಕಾನೂನು ಮಾಡಿತು. ಇಂಥ ಎಚ್ಚರಿಕೆ ಇದ್ದು ಪ್ರಯಾಣ ಅಪಾಯವಾದಾಗ ಕಾರ್ಮಿಕನಿಗೆ ನಾಲ್ಕು ದಿನದವರೆಗೆ ಸಂಬಳ ಸಹಿತ ರಜೆ. ಹೆಣ ಬಿದ್ದ ಮೇಲೆ ಬಂದ ಕಾನೂನು. ನಾವೂ ಅಷ್ಟು ಹೆಣ ಎಣಿಸಿ ಆಮೇಲೆ ಕೇಳಬೇಕೇ?

ನಮ್ಮಲ್ಲಿ ಏನಿದೆ? 2020ರಲ್ಲಿ ಪಾಸಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಇದೆ. ಕೆಲಸದ ಜಾಗದಲ್ಲಿ ಪ್ರಾಣಾಪಾಯ ಕಂಡರೆ ಕಾರ್ಮಿಕ ಮಾಲೀಕನಿಗೆ, ಇನ್ಸ್‌ಪೆಕ್ಟರಿಗೆ ತಿಳಿಸಬಹುದು ಅಂತ ಅದು ಹೇಳುತ್ತದೆ. ಮಾಲೀಕನಿಗೆ ಹೌದು ಅನ್ನಿಸಿದರೆ ಅವನು ಕ್ರಮ ತಗೊಳ್ಳಬೇಕು. ಅನ್ನಿಸದಿದ್ದರೆ ಇನ್ಸ್‌ಪೆಕ್ಟರು ತೀರ್ಮಾನ ಮಾಡಬೇಕು. ಹಳ್ಳ ಉಕ್ಕಿ ಕಾಲುಸಂಕದ ಮೇಲೆ ಹರಿಯುವಾಗ ನಮ್ಮ ಅಡಿಗೆ ಅಕ್ಕ ಯಾವ ಇನ್ಸ್‌ಪೆಕ್ಟರನ್ನು ಹುಡುಕಿಕೊಂಡು ಹೋಗಬೇಕು ಸ್ವಾಮಿ?

ಬಾಬಾಸಾಹೇಬರು ಈ ಮಾತನ್ನು 1938ರಲ್ಲೇ ಎತ್ತಿದ್ದರು. ಮುಂಬೈ ಶಾಸನಸಭೆಗೆ ಕೈಗಾರಿಕಾ ವಿವಾದಗಳ ಮಸೂದೆ ಬಂದಾಗ ಅವರು ಎದ್ದು ನಿಂತು ವಿರೋಧಿಸಿದರು. ಕೆಲಸ ಮಾಡಲಾರೆ ಅನ್ನುವುದು ಮನುಷ್ಯನ ಸ್ವಾತಂತ್ರ್ಯದ ಭಾಗ, ಹಾಗೆ ಅಂದವನಿಗೆ ಶಿಕ್ಷೆ ಕೊಟ್ಟರೆ ಅವನನ್ನು ಗುಲಾಮನನ್ನಾಗಿ ಮಾಡಿದಂತೆ ಅನ್ನುವುದು ಅವರ ವಾದದ ತಿರುಳು. ಅವತ್ತಿನ ಚರ್ಚೆ ಮುಷ್ಕರದ್ದು. ಆದರೆ ಬಿರುಗಾಳಿಯ ದಿನ ಒಂದು ದಿನದ ಸಂಬಳ ಹಿಡಿಯುತ್ತೇನೆ ಅನ್ನುವ ಕಂಟ್ರಾಕ್ಟರು ಕೊಡುತ್ತಿರುವುದೂ ಅದೇ ಶಿಕ್ಷೆ ತಾನೆ? ಜೈಲಿಲ್ಲ, ಅಷ್ಟೇ. ಹಸಿವಿಗೆ ಕಂಬಿ ಬೇಕಿಲ್ಲ.

ಈಗ ಎದುರಿನ ಮಾತನ್ನೂ ಕೇಳೋಣ. ಎಲ್ಲರೂ ಮನೆಯಲ್ಲಿ ಕೂತರೆ ಆಸ್ಪತ್ರೆ ನಡೆಸುವವರಾರು? ಹರಿದ ಕರೆಂಟು ತಂತಿ ಕಟ್ಟುವವರಾರು? ಕಟ್ಟಿಕೊಂಡ ಚರಂಡಿ ಬಿಡಿಸುವವರಾರು? ನ್ಯಾಯವಾದ ಪ್ರಶ್ನೆ. ನರ್ಸಮ್ಮ ಹೋಗಲೇಬೇಕು, ಲೈನ್‌ಮನ್ ಹೋಗಲೇಬೇಕು, ಪೌರಕಾರ್ಮಿಕರಲ್ಲೂ ಕೆಲವರು ಹೋಗಲೇಬೇಕು. ಹಾಗಾದರೆ ಅವರನ್ನು ಕರೆದೊಯ್ಯುವ ಗಾಡಿ ಎಲ್ಲಿ? ಮಳೆಕೋಟು, ಗಂಬೂಟು, ಕೈಗವಸು ಎಲ್ಲಿ? ಎರಡರಷ್ಟು ಕೂಲಿ ಎಲ್ಲಿ? ಪ್ರತಿ ಸಲವೂ ಅದೇ ಕೇರಿಯವರೇ ಯಾಕೆ, ಸರದಿ ಯಾಕಿಲ್ಲ? ಹೂವಿನ ಹಾರ ಹಾಕಿ ಯೋಧ ಅಂತ ಕರೆಯುವುದು ಬೇಡ. ಗಂಬೂಟು ಕೊಡಿ.

ಇನ್ನೊಂದು ಮಾತು: ಕೂಲಿ ಕೊಡಲು ದುಡ್ಡೆಲ್ಲಿದೆ, ಅಂಥ ಆದೇಶ ಮಾಡಲು ಅಧಿಕಾರವೆಲ್ಲಿದೆ? ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ 29ರಂದು, ಲಾಕ್‌ಡೌನಿನಲ್ಲಿ, ಕೇಂದ್ರ ಗೃಹ ಇಲಾಖೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಒಂದು ಆದೇಶ ಹೊರಡಿಸಿತ್ತು. ಮುಚ್ಚಿದ ಕಾಲದ ಸಂಬಳವನ್ನು ಕಡಿತವಿಲ್ಲದೆ ಕೊಡಬೇಕು ಅಂತ. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು, ಮೇ ತಿಂಗಳಲ್ಲಿ ಸರ್ಕಾರ ಆದೇಶ ವಾಪಸ್ಸು ತಗೊಂಡಿತು. ಆದರೂ ಒಂದು ಸತ್ಯ ಉಳಿಯಿತು. ಆ ಸಾಲನ್ನು ಬರೆಯಲು ಸರ್ಕಾರದ ಪೆನ್ನಿಗೆ ಬರುತ್ತದೆ! ಎಚ್ಚರಿಕೆಗೆ ಅನ್ನ ಸೇರಿದರೆ ಏನಾಗುತ್ತದೆ ಅಂತ ಒಡಿಶಾ ತೋರಿಸಿದೆ. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತಿದ್ದರು. 2019ರ ಫಾನಿ ಚಂಡಮಾರುತಕ್ಕೆ ಮೊದಲು ಸರ್ಕಾರ ಸುಮಾರು ಹನ್ನೆರಡು ಲಕ್ಷ ಜನರನ್ನು ಆಶ್ರಯಗಳಿಗೆ ಸಾಗಿಸಿತು, ಬೇಯಿಸಿದ ಊಟ ಹಾಕಿತು. ಸಾವು ನೂರನ್ನು ಮುಟ್ಟಲಿಲ್ಲ. ಹೋಗಲು ಜಾಗ, ಉಣ್ಣಲು ಅನ್ನ ಇದ್ದರೆ ಜನ ಎಚ್ಚರಿಕೆಯನ್ನು ನಂಬುತ್ತಾರೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಶಾಲೆಗೆ ರಜೆ ಕೊಡುವ ಅದೇ ಆದೇಶದಲ್ಲಿ ಇನ್ನೊಂದು ಸಾಲು ಬೇಕು: ಇವತ್ತು ಕೆಲಸಕ್ಕೆ ಬರಲಾಗದ ಹೊರಗುತ್ತಿಗೆ ನೌಕರರ, ದಿನಗೂಲಿಯವರ ಕೂಲಿ ಕಡಿಯತಕ್ಕದ್ದಲ್ಲ. ಬರಲೇಬೇಕಾದವರಿಗೆ ಗಾಡಿ, ರಕ್ಷಣೆಯ ಸಾಮಾನು, ಎರಡು ಪಟ್ಟು ಕೂಲಿ. ಮಾಲೀಕನ ಕೈಯಲ್ಲಿ ಆಗದ ಸಣ್ಣ ಕಡೆಗಳಲ್ಲಿ ಸರ್ಕಾರದ ವಿಪತ್ತು ನಿಧಿ. ಜೀವ ಹೋದ ಮೇಲೆ ಲಕ್ಷಗಟ್ಟಲೆ ಪರಿಹಾರ ಘೋಷಿಸುವ ಕೈ, ಜೀವ ಇರುವಾಗ ಒಂದು ದಿನದ ಕೂಲಿ ಕೊಡಲು ಯಾಕೆ ನಡುಗಬೇಕು?

ಗೆಳೆಯರೇ, ಸರ್ಕಾರವನ್ನು ಬೈದು ಮಲಗುವುದು ಸುಲಭ. ನಾವೇನು ಮಾಡುತ್ತೇವೆ?

ಅವತ್ತು ನಮ್ಮ ಹುಡುಗರು ಒಂದು ಅರ್ಜಿ ಬರೆದರು. ಅಡಿಗೆಯವರಿಗೂ ಸಂಬಳ ಸಹಿತ ರಜೆ ಬೇಕು ಅಂತ. ವಾರ್ಡನ್ನರು ಓದಿ, "ಅದು ಕಂಟ್ರಾಕ್ಟರಿಗೆ ಬಿಟ್ಟದ್ದು" ಅಂದರು. ಕಂಟ್ರಾಕ್ಟರು, "ಮೇಲಿಂದ ಆದೇಶ ಇಲ್ಲ" ಅಂದ. ಮೇಲೆ ಯಾರಿದ್ದಾರೋ ಅವರನ್ನು ಕೇಳುವುದು ಈ ಮಳೆಗಾಲದ ಕೆಲಸ. ಪ್ರತಿ ಹಾಸ್ಟೆಲ್ಲಿನಿಂದ ಒಂದು ಅರ್ಜಿ ಜಿಲ್ಲಾಧಿಕಾರಿಗೆ ಹೋಗಲಿ. ಆದೇಶ ಬರುವವರೆಗೆ ಕಾಯಬೇಡಿ. ರೆಡ್ ಅಲರ್ಟಿನ ಹಿಂದಿನ ರಾತ್ರಿಯೇ ಅಡಿಗೆ ಅಕ್ಕನಿಗೆ ಫೋನು ಮಾಡಿ, "ನಾಳೆ ಬರಬೇಡ, ಹಾಜರಿಗೆ ನಾವು ಜಗಳ ಮಾಡ್ತೀವಿ" ಅನ್ನಿ. ಆಮೇಲೆ ನಿಜವಾಗಿ ಜಗಳ ಮಾಡಿ. ಅವಳ ಒಂದು ದಿನದ ಸಂಬಳ ಹಿಡಿದರೆ ತಲೆಗಿಷ್ಟು ಅಂತ ಹಾಕಿ ತುಂಬಿ ಕೊಡಿ. ಊರಿಗೆ ಫೋನು ಮಾಡಿ ಅಪ್ಪ ಅವ್ವನಿಗೆ ಅಲರ್ಟಿನ ಬಣ್ಣ ತಿಳಿಸಿ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ, ನೆನೆದ ಗೋಡೆ ಪಕ್ಕ ನಿಲ್ಲಬೇಡಿ, ತಂತಿ ಹರಿದು ಬಿದ್ದಿದ್ದರೆ ಮುಟ್ಟದೆ 1912ಕ್ಕೆ ಹೇಳಿ ಅಂತ ತಿಳಿಸಿ.

ಮತ್ತೆ ಆ ದಿನ ಬೆಳಗ್ಗೆ ಐದೂವರೆಗೆ ಎದ್ದು ಒಲೆ ಹಚ್ಚಿ. ಉಪ್ಪಿಟ್ಟು ಸೀದು ಹೋಗಲಿ, ಪರವಾಗಿಲ್ಲ. ರಜೆ ನಮಗೆ ಬಂದಿದೆ ಅಂದ ಮೇಲೆ ಒಂದು ದಿನ ಸೌಟು ನಮ್ಮ ಕೈಯಲ್ಲಿರಲಿ.