ನಮ್ಮ ಮಕ್ಕಳೂ ಈಜುವಿದ್ಯೆಯೂ

ಬೇಸಗೆಯ ರಜೆಯು ಆರಂಭವಾಯಿತೆಂದರೆ ನಮ್ಮ ಕಾರ್ಯಾಲಯಕ್ಕೆ ಒಂದು ಬಗೆಯ ಸುದ್ದಿಯು ತಪ್ಪದೆ ಬರತೊಡಗುತ್ತದೆ. ಕೆರೆಗೆ ಇಳಿದ ಬಾಲಕರಿಬ್ಬರು ಮರಳಲಿಲ್ಲ. ನಾಲೆಯಲ್ಲಿ ಕೈಕಾಲು ತೊಳೆಯಹೋದ ತರುಣನು ಸೆಳವಿಗೆ ಸಿಕ್ಕಿದನು. ಮಗುವನ್ನು ಉಳಿಸಹೋದ ತಾಯಿಯೂ ಅದರೊಡನೆಯೇ ಮುಳುಗಿದಳು. ಊರು ಬೇರೆ, ಹೆಸರು ಬೇರೆ, ಉಳಿದುದೆಲ್ಲವೂ ಒಂದೇ. ಇಂತಹ ವಾರ್ತೆಯನ್ನು ಒಳಪುಟದ ಮೂಲೆಯಲ್ಲಿ ನಾಲ್ಕು ಪಂಕ್ತಿಗಳಲ್ಲಿ ಅಚ್ಚುಹಾಕುವುದು ನಮಗೂ, ಅದನ್ನೋದಿ ‘ಅಯ್ಯೋ ಪಾಪ’ ಎಂದು ಪುಟವನ್ನು ತಿರುವುವುದು ವಾಚಕರಿಗೂ ಅಭ್ಯಾಸವಾಗಿ ಹೋಗಿದೆ. ಈ ಅಭ್ಯಾಸವೇ ನಮಗೆ ಹೆಚ್ಚಿನ ಭಯವನ್ನುಂಟುಮಾಡುತ್ತದೆ. ನಾವು ಯಾವುದನ್ನು ವಿಧಿಲಿಖಿತವೆಂದು ಕರೆದು ಸುಮ್ಮನಾಗುತ್ತಿರುವೆವೋ ಅದು ಬಹುಮಟ್ಟಿಗೆ ವಿಧಿಯ ಕೃತ್ಯವಲ್ಲ. ಕಲಿಯಬಹುದಾಗಿದ್ದ ಒಂದು ವಿದ್ಯೆಯನ್ನು ಕಲಿಸದೆ ಬಿಟ್ಟ ಹಿರಿಯರ ಉದಾಸೀನದ ಫಲ.

ಇದು ಕೇವಲ ಭಾವುಕತೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ವರದಿಯಂತೆ 2021ನೆಯ ಒಂದೇ ವರ್ಷದಲ್ಲಿ ಭೂಮಂಡಲದಲ್ಲಿ ಸುಮಾರು 3,00,000 ಜನರು ನೀರಿನಲ್ಲಿ ಮುಳುಗಿ ಮೃತರಾದರು. ಅವರಲ್ಲಿ ಕಾಲುಭಾಗದಷ್ಟು ಮಂದಿ ಐದು ವರ್ಷ ತುಂಬದ ಶಿಶುಗಳು. ಸುಮಾರು ಅರ್ಧದಷ್ಟು ಮಂದಿ ಮೂವತ್ತರೊಳಗಿನವರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಮರಣಗಳು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿಯೇ ಸಂಭವಿಸಿದುವು. ನಮ್ಮ ದೇಶದ ಅಪರಾಧ ದಾಖಲೆಗಳ ಕೇಂದ್ರ ಕಚೇರಿಯವರ ಲೆಕ್ಕದಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಪ್ರತಿವರ್ಷವೂ 30,000ಕ್ಕಿಂತ ಹೆಚ್ಚು ಮಂದಿ ಹೀಗೆ ಅಳಿದಿರುವುದು ಕಂಡುಬರುತ್ತದೆ. ಸಾಂಕ್ರಾಮಿಕ ರೋಗವೊಂದು ಇಷ್ಟು ಜನರನ್ನು ಕೊಂಡೊಯ್ದಿದ್ದರೆ ಎಷ್ಟು ಸಭೆಗಳು ಸೇರುತ್ತಿದ್ದುವು, ಎಷ್ಟು ಹುಕುಮುಗಳು ಹೊರಡುತ್ತಿದ್ದುವು! ನೀರು ಮಾತ್ರ ಸದ್ದಿಲ್ಲದೆ ಕೊಲ್ಲುತ್ತದೆ. ನಾವೂ ಸದ್ದಿಲ್ಲದೆ ಇದ್ದೇವೆ.

ಆದರೆ ಈಜುವುದನ್ನು ಕೇವಲ ಸಾವಿನಿಂದ ತಪ್ಪಿಸಿಕೊಳ್ಳುವ ಉಪಾಯವೆಂದು ತಿಳಿದರೆ ಆ ವಿದ್ಯೆಯ ಅರ್ಧವನ್ನೇ ತಿಳಿದಂತಾಯಿತು. ಬದುಕನ್ನು ಕಾಯುವ ಈ ವಿದ್ಯೆಯು ಬದುಕನ್ನು ಬಲಪಡಿಸುವುದೂ ಅಹುದು. ಗಾಳಿಗಿಂತ ನೀರು ಸುಮಾರು ಎಂಟುನೂರು ಮಡಿ ಸಾಂದ್ರವಾದುದು. ಅದನ್ನು ಸೀಳಿಕೊಂಡು ಮುಂದೆ ಸಾಗುವಾಗ ತೋಳು, ಭುಜ, ಬೆನ್ನು, ಹೊಟ್ಟೆ, ತೊಡೆ, ಮೀನಖಂಡಗಳೆಲ್ಲವೂ ಏಕಕಾಲದಲ್ಲಿ ದುಡಿಯಬೇಕಾಗುತ್ತದೆ. ಎದೆಯ ಮೇಲೆ ನೀರಿನ ಒತ್ತಡವಿರುವುದರಿಂದ ಒಂದೊಂದು ಉಸಿರನ್ನು ಎಳೆದುಕೊಳ್ಳುವುದೂ ಉಸಿರಾಟದ ಸ್ನಾಯುಗಳಿಗೆ ಒಂದು ಸಾಧನೆಯಾಗುತ್ತದೆ. ಶರೀರವು ಮಲಗಿದ ಭಂಗಿಯಲ್ಲಿರುವುದರಿಂದಲೂ, ನೀರು ಸುತ್ತಲೂ ಒತ್ತುವುದರಿಂದಲೂ, ಕಾಲುಗಳ ಕಡೆಯ ರಕ್ತವು ಹೃದಯಕ್ಕೆ ಸುಲಭವಾಗಿ ಮರಳುತ್ತದೆ. ಕ್ರಮವಾಗಿ ಈಜುವವನ ಹೃದಯವೂ ಶ್ವಾಸಕೋಶಗಳೂ ದೃಢವಾಗುವುದಕ್ಕೆ ಇವೇ ಕಾರಣಗಳು. ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಡಲು ವೈದ್ಯರು ಸಲಹೆಮಾಡುವ ವ್ಯಾಯಾಮಗಳಲ್ಲಿ ಈಜಿಗೆ ನಡಿಗೆಯ ಪಕ್ಕದಲ್ಲಿಯೇ ಸ್ಥಾನವಿದೆ.

ಇದಕ್ಕೂ ಮಿಗಿಲಾದ ಒಂದು ಗುಣವಿದೆ. ಸೊಂಟದವರೆಗಿನ ನೀರಿನಲ್ಲಿ ನಿಂತವನ ಕಾಲುಗಳು ಅವನ ತೂಕದ ಅರ್ಧದಷ್ಟನ್ನು ಮಾತ್ರ ಹೊರುತ್ತವೆ; ಕುತ್ತಿಗೆಯವರೆಗೆ ಇಳಿದರೆ ಹತ್ತರಲ್ಲೊಂದು ಪಾಲಿನಷ್ಟೇ ಉಳಿಯುತ್ತದೆ. ಓಡಲಾರದ, ಹತ್ತಲಾರದ, ಮಂಡಿನೋವಿನಿಂದ ಹೊಸ್ತಿಲು ದಾಟುವುದಕ್ಕೂ ಗೋಡೆ ಹಿಡಿಯುವ ಹಿರಿಯರು ನೀರಿನಲ್ಲಿ ಹಗುರವಾಗಿ ಕೈಕಾಲಾಡಿಸಬಲ್ಲರು. ಬೆಂಗಳೂರಿನ ಶ್ರೀ ನಿರಂಜನ್ ಮುಕುಂದನ್ ಅವರ ದೃಷ್ಟಾಂತವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಹುಟ್ಟಿನಿಂದಲೇ ಬೆನ್ನುಹುರಿಯ ದೋಷದಿಂದ ಕಾಲುಗಳ ಬಲ ಕುಂದಿದ್ದ ಈ ಬಾಲಕನನ್ನು ವೈದ್ಯರ ಸಲಹೆಯ ಮೇರೆಗೆ ನೀರಿಗಿಳಿಸಲಾಯಿತು. ಚಿಕಿತ್ಸೆಯೆಂದು ಆರಂಭವಾದುದು ಸಾಧನೆಯಾಗಿ ಬೆಳೆದು, ಆತನು ಟೋಕಿಯೋ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ದೇಶದ ಪ್ರತಿನಿಧಿಯಾದನು. ನೆಲವು ಕೊಡದಿದ್ದ ಸ್ವಾತಂತ್ರ್ಯವನ್ನು ನೀರು ಕೊಟ್ಟಿತು.

ಇಷ್ಟು ಹೇಳಿದ ಮೇಲೆ ಅತಿಶಯೋಕ್ತಿಗೆ ಎಡೆಗೊಡಬಾರದು. ನೀರು ಭಾರವನ್ನು ಹೊರುವುದರಿಂದ ಎಲುಬುಗಳನ್ನು ಗಟ್ಟಿಮಾಡುವ ಕಾರ್ಯದಲ್ಲಿ ಈಜು ನಡಿಗೆಗೆ ಸಮನಾಗದು. ಎರಡನ್ನೂ ಕೂಡಿಸಿಕೊಳ್ಳುವುದೇ ವಿವೇಕ. ಹೃದ್ರೋಗಿಗಳೂ ಮೂರ್ಛೆರೋಗವುಳ್ಳವರೂ ವೈದ್ಯರನ್ನು ಕೇಳದೆ ನೀರಿಗಿಳಿಯತಕ್ಕುದಲ್ಲ. ಪ್ರಾಪ್ತವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪರಿಶ್ರಮವು ಬೇಕೆಂಬುದು ತಜ್ಞರ ಮತ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯನ್ನೇ ಆಶ್ರಯಿಸಿ, ಕಡತಗಳನ್ನು ಮೇಲಕ್ಕೂ ಕೆಳಕ್ಕೂ ಕಳುಹಿಸುವುದನ್ನೇ ಅಂಗಸಾಧನೆಯೆಂದು ಭಾವಿಸಿರುವ ನಮ್ಮ ಅಧಿಕಾರಿವರ್ಗದವರೂ, ಅವರಿಗೇನೂ ಕಡಮೆಯಲ್ಲದ ಪತ್ರಿಕಾಕರ್ತರೂ, ವಾರಕ್ಕೆ ಐದು ದಿನ ಅರ್ಧ ಗಂಟೆಯಂತೆ ಈಜಿದರೆ ಈ ಲೆಕ್ಕವು ತೀರುತ್ತದೆ. ಅದರೊಡನೆ ರಾತ್ರಿ ಸುಖನಿದ್ರೆಯೂ ಮನಸ್ಸಿನ ಹಗುರವೂ ಲಭಿಸುತ್ತವೆಂಬುದನ್ನು ಈಜಿದವರೇ ಬಲ್ಲರು. ನೀರಿನಲ್ಲಿರುವಾಗ ಮನುಷ್ಯನು ತನ್ನ ಉಸಿರನ್ನಲ್ಲದೆ ಬೇರೆ ಯಾವುದನ್ನೂ ಎಣಿಸಲಾರನು. ಚಿಂತೆಯು ದಡದಲ್ಲಿಯೇ ಕುಳಿತಿರಬೇಕಾಗುತ್ತದೆ.

ಈ ವಿದ್ಯೆಯು ನಮಗೆ ಹೊರಗಿನಿಂದ ಬಂದುದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ನಡುವೆ ಜಲಕ್ರೀಡೆಗೂ ಸ್ಥಾನವಿದೆ. ಹಂಪೆಯ ಪುಷ್ಕರಣಿಗಳನ್ನೂ ಮೇಲುಕೋಟೆಯ ಕಲ್ಯಾಣಿಯನ್ನೂ ಕಂಡವರು ನಮ್ಮ ಪೂರ್ವಿಕರು ನೀರಿನ ಬಳಿಗೆ ಇಳಿಯುವ ಮೆಟ್ಟಿಲುಗಳನ್ನು ಎಷ್ಟು ಶ್ರದ್ಧೆಯಿಂದ ಕಟ್ಟಿದರೆಂಬುದನ್ನು ಅರಿಯಬಲ್ಲರು. ಅರಸರ ಮಾತು ಹಾಗಿರಲಿ. ನಮ್ಮ ಬಾಲ್ಯದಲ್ಲಿ ಹಳ್ಳಿಯ ತೋಟದ ಬಾವಿಯೇ ಈಜಿನ ಪಾಠಶಾಲೆಯಾಗಿತ್ತು. ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಸೋದರಮಾವನೋ ಚಿಕ್ಕಪ್ಪನೋ ಮೇಲಿನಿಂದ ಹಿಡಿದಿರುತ್ತಿದ್ದನು. ಮೊದಲ ದಿನ ಅಳು, ಎರಡನೆಯ ದಿನ ಕೆಮ್ಮು, ವಾರ ಕಳೆಯುವುದರೊಳಗೆ ಬಾವಿಯಿಂದ ಮೇಲಕ್ಕೆ ಬಾರೆನೆಂಬ ಹಟ. ಈ ಲೇಖಕನು ವ್ಯಾಕರಣಸೂತ್ರಗಳನ್ನು ಕಲಿತುದೂ ಈಜನ್ನು ಕಲಿತುದೂ ಒಂದೇ ವರ್ಷದಲ್ಲಿ. ಮೊದಲನೆಯದರಲ್ಲಿ ಬಹುಭಾಗ ಮರೆತುಹೋಗಿದೆ, ಎರಡನೆಯದು ಇಂದಿಗೂ ಕೈಬಿಟ್ಟಿಲ್ಲ.

ಆ ಪಾಠಶಾಲೆಗಳು ಇಂದು ಎಲ್ಲಿವೆ? ತೆರೆದ ಬಾವಿಗಳು ಬತ್ತಿದುವು. ಅವುಗಳ ಸ್ಥಾನಕ್ಕೆ ಕೊಳವೆಬಾವಿಗಳು ಬಂದುವು. ಕೊಳವೆಬಾವಿಯು ನೀರನ್ನು ಕೊಟ್ಟಿತು, ಈಜನ್ನು ಕೊಡಲಿಲ್ಲ. ಕಲ್ಯಾಣಿಗಳಲ್ಲಿ ಅನೇಕವು ಹೂಳಿನಿಂದಲೂ ಕಸದಿಂದಲೂ ತುಂಬಿಹೋದುವು. ಕಲಿಯುವ ಸ್ಥಳಗಳು ಹೀಗೆ ಇಲ್ಲವಾದರೂ ಮುಳುಗುವ ಸ್ಥಳಗಳು ಕಡಮೆಯಾಗಲಿಲ್ಲ. ಕಲ್ಲು ತೆಗೆದು ಬಿಟ್ಟ ಕ್ವಾರಿಗಳು ಮಳೆನೀರು ನಿಂತು ಮಡುಗಳಾದುವು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣಭೂಮಿಯ ರೈತರಿಗೆ ಕೃಷಿಹೊಂಡಗಳು ದೊರೆತುದು ಶ್ಲಾಘ್ಯವೇ. ಆದರೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿದ ಹೊಂಡದ ಜಾರುಮೈಯಲ್ಲಿ ಕಾಲಿಟ್ಟ ಮಗುವಿಗೆ ಹಿಡಿದು ಮೇಲೇರಲು ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ. ಬೇಲಿಯೂ, ಒಳಕ್ಕೆ ಇಳಿಬಿಟ್ಟ ಒಂದು ಗಂಟುಹಗ್ಗವೂ ಇಲ್ಲದ ಹೊಂಡವು ಅಪೂರ್ಣವಾದ ಹೊಂಡವೆಂದೇ ಅಧಿಕಾರಿಗಳು ಪರಿಗಣಿಸಬೇಕು.

ಇತ್ತ ನಗರಗಳಲ್ಲಿ ಈಜುಕೊಳಗಳಿವೆ. ಆದರೆ ಅವುಗಳ ಶುಲ್ಕವನ್ನು ತೆರಬಲ್ಲವರು ಕೆಲವರೇ. ನಮ್ಮ ನಾಡಿನ ನಿಶಾ ಮಿಲ್ಲೆಟ್ 2000ದ ಸಿಡ್ನಿ ಒಲಿಂಪಿಕ್ಸಿಗೂ, ಶ್ರೀಹರಿ ನಟರಾಜ್ ಟೋಕಿಯೋಗೂ ಪ್ಯಾರಿಸ್ಸಿಗೂ, ಹದಿನಾಲ್ಕರ ಬಾಲಿಕೆ ಧಿನಿಧಿ ದೇಸಿಂಘು 2024ರಲ್ಲಿ ಪ್ಯಾರಿಸ್ಸಿಗೂ ಹೋಗಿಬಂದುದು ನಮಗೆಲ್ಲ ಅಭಿಮಾನದ ಸಂಗತಿ. ಹಾಗಿದ್ದರೂ ಒಂದು ನಾಡಿನ ಈಜುವಿದ್ಯೆಯನ್ನು ಪದಕಗಳಿಂದ ಅಳೆಯಲಾಗದು. ಕೆರೆಯಂಚಿನಲ್ಲಿ ಎಮ್ಮೆ ಕಾಯುವ ಹುಡುಗನೂ ಬಟ್ಟೆ ಒಗೆಯುವ ಹುಡುಗಿಯೂ ಕಾಲು ಜಾರಿದಾಗ ದಡ ಸೇರಬಲ್ಲರೆ ಎಂಬುದೇ ಅದರ ಅಳತೆಗೋಲು.

ಇದಕ್ಕೆ ಹಣವೆಲ್ಲಿ ಎಂಬ ಪ್ರಶ್ನೆಯು ಮೊದಲು ಏಳುತ್ತದೆ. ನಮಗಿಂತ ಶ್ರೀಮಂತವೇನೂ ಅಲ್ಲದ ಬಾಂಗ್ಲಾದೇಶದವರು ಇದಕ್ಕೆ ಉತ್ತರವಿತ್ತಿದ್ದಾರೆ. ಅಲ್ಲಿ ಅಮೃತಶಿಲೆಯ ಕೊಳಗಳನ್ನು ಕಟ್ಟಲಿಲ್ಲ. ಊರಿನ ಹೊಂಡದಲ್ಲಿಯೇ ಬಿದಿರಿನ ಅಟ್ಟಣೆಯನ್ನು ಆಳವಿಲ್ಲದಂತೆ ಇಳಿಸಿ ಕಟ್ಟಿ, ಊರವರನ್ನೇ ತರಬೇತು ಮಾಡಿ ಶಿಕ್ಷಕರನ್ನಾಗಿ ನಿಯಮಿಸಿ, ನಾಲ್ಕರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 25 ಮೀಟರು ಈಜುವುದನ್ನೂ, ತೇಲಿ ನಿಲ್ಲುವುದನ್ನೂ, ಇನ್ನೊಬ್ಬರನ್ನು ದಡದಿಂದಲೇ ಉಳಿಸುವುದನ್ನೂ ಕಲಿಸಿದರು. ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣವು ಹತ್ತರಲ್ಲಿ ಒಂಬತ್ತು ಪಾಲಿಗಿಂತಲೂ ಹೆಚ್ಚು ಇಳಿಯಿತೆಂಬುದು 2012ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ಬಿದಿರಿಗೆ ನಮ್ಮ ನಾಡಿನಲ್ಲಿ ಕೊರತೆಯೆ?

ಈಜು ಬಂದರೆ ಮಕ್ಕಳು ಧೈರ್ಯಗೊಂಡು ನೀರಿಗೆ ನುಗ್ಗುವರೆಂಬ ತಾಯಿತಂದೆಗಳ ಆತಂಕವೂ ಉಂಟು. ಅರ್ಧ ಕಲಿತವನ ವಿಷಯದಲ್ಲಿ ಇದು ನಿಜ. ಪೂರ್ಣ ಕಲಿಸುವುದೇ ಅದಕ್ಕೆ ಪರಿಹಾರ. ಸೆಳವು, ಸುಳಿ, ಕೆಸರು, ಅಣೆಕಟ್ಟೆಯಿಂದ ಒಮ್ಮೆಗೇ ಬಿಡುವ ನೀರು, ಇವುಗಳ ಭಯವನ್ನು ಕಲಿಸದ ಈಜು ಈಜೇ ಅಲ್ಲ. ಹೆಣ್ಣುಮಕ್ಕಳಿಗೆ ಇದು ಸಲ್ಲದೆಂಬ ಹಳೆಯ ಸಂಕೋಚವನ್ನಂತೂ ಬಿಡಲೇಬೇಕು. ನೀರಿನೊಡನೆ ದಿನಬೆಳಗಾದರೆ ವ್ಯವಹರಿಸುವವರು ಅವರೇ. ಆರತಿ ಸಾಹಾ ಎಂಬ ವಂಗ ಯುವತಿಯು 1959ರಲ್ಲಿಯೇ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದಳು. ನಮ್ಮ ಪಟ್ಟಣದ ಕೊಳದಲ್ಲಿ ಬಾಲಿಕೆಯರಿಗೆ ಪ್ರತ್ಯೇಕ ವೇಳೆಯನ್ನೂ ಸ್ತ್ರೀ ಶಿಕ್ಷಕಿಯನ್ನೂ ಏರ್ಪಡಿಸುವುದು ಅದಕ್ಕಿಂತ ಕಷ್ಟವಾಗಲಾರದು.

ಇಲ್ಲಿ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ. ಮುಳುಗುತ್ತಿರುವವನನ್ನು ಕಂಡೊಡನೆ ಪಳಗದವರು ನೀರಿಗೆ ಧುಮುಕಬಾರದು. ಗಾಬರಿಗೊಂಡವನ ಹಿಡಿತವು ಉಳಿಸಹೋದವನನ್ನೂ ಎಳೆದುಕೊಳ್ಳುತ್ತದೆ; ಒಂದೇ ಮನೆಯ ಮೂವರು ನಾಲ್ವರು ಸಾಲಾಗಿ ಸತ್ತ ವಾರ್ತೆಗಳ ಮೂಲವು ಇದೇ. ಹಗ್ಗ, ಗಳು, ಸೀರೆ, ಪಂಚೆ, ಬಾಯಿ ಮುಚ್ಚಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದುದನ್ನು ಎಸೆದು, ಕೂಗಿ ಜನರನ್ನು ಸೇರಿಸಬೇಕು. ಎರಡನೆಯದಾಗಿ, ಮೇಲೆತ್ತಿದವನನ್ನು ತಲೆಕೆಳಗು ಮಾಡುವುದೂ, ತಿರುಗಿಸುವುದೂ, ಹೊಟ್ಟೆ ಒತ್ತಿ ನೀರು ಕಕ್ಕಿಸುವುದೂ ತಪ್ಪು. ಅವನಿಗೆ ಬೇಕಾದುದು ಗಾಳಿ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಬಾಯಿಯಿಂದ ಬಾಯಿಗೆ ಉಸಿರೂದುತ್ತ ಎದೆಯ ನಡುವೆ ಒತ್ತುತ್ತ, ವೈದ್ಯಸಹಾಯವು ಬರುವವರೆಗೆ ಬಿಡದೆ ನಡೆಸಬೇಕು. ಈ ಕ್ರಮವನ್ನು ತಿಳಿದವರಿಂದ ಪ್ರತ್ಯಕ್ಷವಾಗಿ ಕಲಿಯಲು ಅರ್ಧ ದಿನ ಸಾಕು.

ನಮ್ಮ ವಿಜ್ಞಾಪನೆಯು ಇಷ್ಟು. ಪ್ರತಿಯೊಂದು ಪುರಸಭೆಯೂ ತನ್ನ ಎಲ್ಲೆಯೊಳಗಿನ ಒಂದು ಕಲ್ಯಾಣಿಯನ್ನೋ ಕೊಳವನ್ನೋ ಹೂಳೆತ್ತಿಸಿ, ನೀರನ್ನು ಶುದ್ಧವಾಗಿಟ್ಟು, ಕಾವಲುಗಾರನೊಬ್ಬನನ್ನು ನೇಮಿಸಿ, ಬಡವರ ಮಕ್ಕಳಿಗೆ ಶುಲ್ಕವಿಲ್ಲದೆ ತೆರೆಯಲಿ. ಶುದ್ಧಿಯ ಮಾತನ್ನು ಒತ್ತಿ ಹೇಳುತ್ತೇವೆ. ನೆರೆಯ ಕೇರಳದಲ್ಲಿ 2024ರಲ್ಲಿ ನಿಂತ ನೀರಿನ ಅಮೀಬಾ ಮೂಗಿನ ಮೂಲಕ ಮೆದುಳನ್ನು ಸೇರಿ ಬಾಲಕರ ಪ್ರಾಣಕ್ಕೆ ಎರವಾದುದನ್ನು ಮರೆಯಲಾಗದು. ವಿದ್ಯಾ ಇಲಾಖೆಯವರು ಪ್ರಾಥಮಿಕ ಶಾಲೆಯನ್ನು ಬಿಡುವುದರೊಳಗಾಗಿ ಮಗುವು ತೇಲುವುದನ್ನಾದರೂ ಕಲಿಯುವಂತೆ ಏರ್ಪಾಡುಮಾಡಲಿ. ನಾಲೆಯ ದಂಡೆಗಳಲ್ಲಿ ಕೈಹಿಡಿಗಳೂ ಎಚ್ಚರಿಕೆಯ ಫಲಕಗಳೂ ಏರ್ಪಡಲಿ. ವಿಶ್ವಸಂಸ್ಥೆಯು 2021ರಲ್ಲಿ ಜುಲೈ 25ನ್ನು ಮುಳುಗುವಿಕೆಯನ್ನು ತಡೆಯುವ ದಿನವೆಂದು ಗೊತ್ತುಪಡಿಸಿದೆ. ಆ ದಿನ ಭಾಷಣಗಳಿಗೆ ಬದಲಾಗಿ ನೂರು ಮಕ್ಕಳನ್ನು ನೀರಿಗಿಳಿಸುವ ತಾಲ್ಲೂಕನ್ನು ನಾವು ಮೊದಲನೆಯ ಪುಟದಲ್ಲಿ ಅಭಿನಂದಿಸುವೆವು.

ಸರ್ಕಾರದವರು ಮಾಡುವವರೆಗೆ ಕಾಯಬೇಕಾದುದೂ ಇಲ್ಲ. ಈಜು ಬಲ್ಲ ಹಿರಿಯರು ಪ್ರತಿ ಬೀದಿಯಲ್ಲಿಯೂ ಇನ್ನೂ ಉಳಿದಿದ್ದಾರೆ. ಅವರಲ್ಲಿ ಒಬ್ಬೊಬ್ಬರೂ ಈ ಬೇಸಗೆಯಲ್ಲಿ ಇಬ್ಬರು ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ತಾವು ಹಿಡಿದು ನಿಂತರೆ ಸಾಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮಗು ಬಾವಿಗೆ ಬಿದ್ದಾಗ ಈಜು ಕಲಿಸಲು ಹೊರಡುವುದು ಅದಕ್ಕಿಂತಲೂ ದೊಡ್ಡ ಅವಿವೇಕ.